ಹನ್ನೊಂದು ಗಂಟೆಯ ಗದ್ದಲ

ಮೂರು ವಾರದಿಂದ ಬಿಗಿಯಣ್ಣ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ದಿನವೂ ಬೆಳಿಗ್ಗೆ ಹನ್ನೊಂದು ಹೊಡೆಯುವುದೇ ತಡ, ಆ ಬಡಾವಣೆಯ ಇನ್ನೂರು ಮನೆಗಳ ಇಂಟರ್ನೆಟ್ಟಿಗೆ ಏನೋ ಮೆಟ್ಟಿಕೊಂಡ ಹಾಗಾಗುತ್ತಿತ್ತು. ಸಿನಿಮಾ ನೋಡುವವರಿಗೆ ಅಷ್ಟೇನೂ ತೊಂದರೆಯಿಲ್ಲ. ಆದರೆ ಈ ಕಡೆಯವರು ಆಡಿದ ಮಾತು ಆ ಕಡೆಗೆ ತುಂಡು ತುಂಡಾಗಿ ಹೋಗುತ್ತಿತ್ತು. ಮನೆಯಿಂದಲೇ ಪಾಠ ಹೇಳುವ ಗಣಿತದ ಮೇಷ್ಟರಂತೂ ಫೋನ್ ಮಾಡಿ, "ನಾನು ಕೂಡಿಸು ಅಂದ್ರೆ ಮಕ್ಕಳಿಗೆ ಬರೀ ಕೂ ಅಂತ ಕೇಳ್ಸುತ್ತಂತೆ ಕಣ್ರೀ" ಎಂದು ಅಳುವುದೊಂದು ಬಾಕಿ. ಮುಕ್ಕಾಲು ಗಂಟೆ ಕಳೆದರೆ ಎಲ್ಲ ತಾನಾಗಿ ಸರಿಹೋಗುತ್ತಿತ್ತು.

ಬಿಗಿಯಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೈದು ವರ್ಷದಿಂದ ಕೇಬಲ್ ಕಂಪನಿಯ ಲೈನ್ ನೋಡಿಕೊಳ್ಳುವ ಈ ಮನುಷ್ಯ ಕನೆಕ್ಟರನ್ನು ಬರಿಗೈಯಲ್ಲಿ ತಿರುಗಿಸಿ ಬಿಟ್ಟವನೇ ಅಲ್ಲ. ಸ್ಪ್ಯಾನರ್ ಹಾಕಿ ಬಿಗಿ ಮಾಡಿ, ನಾಲ್ಕು ಹೆಜ್ಜೆ ಹೋಗಿ, ಸಮಾಧಾನವಾಗದೆ ವಾಪಸ್ ಬಂದು ಇನ್ನೊಮ್ಮೆ ಬಿಗಿ ಮಾಡುವವನು. ಜೊತೆಯವರು ಗೇಲಿ ಮಾಡಿ ಇಟ್ಟ ಹೆಸರೇ ಈಗ ಸಂಬಳದ ಚೀಟಿಯೊಂದನ್ನು ಬಿಟ್ಟು ಎಲ್ಲ ಕಡೆ ನಡೆಯುತ್ತದೆ.

ಬಡಾವಣೆಯ ಮೂಲೆಯಲ್ಲೊಂದು ಪೆಟ್ಟಿಗೆಯಿದೆ. ಆಫೀಸಿನಿಂದ ಗಾಜಿನ ಎಳೆಯಲ್ಲಿ ಬೆಳಕಾಗಿ ಬಂದದ್ದು ಅಲ್ಲಿಂದ ಮುಂದೆ ಕೇಬಲ್ ಹಿಡಿದು ಕಂಬದಿಂದ ಕಂಬಕ್ಕೆ, ಕಂಬದಿಂದ ಮನೆಗೆ ಇಳಿಯುತ್ತದೆ. ಇಳಿಯುವುದು ಸಲೀಸು, ಹತ್ತುವುದೇ ಕಷ್ಟ. ಇನ್ನೂರು ಮನೆಯ ಮಾತೂ ಒಂದೇ ದಾರಿಯಲ್ಲಿ ಮೇಲೆ ಹೋಗಬೇಕು. ಎಲ್ಲೋ ಒಂದು ಮನೆಯಲ್ಲಿ ಕನೆಕ್ಟರ್ ಸಡಿಲವಾಗಿದ್ದು, ಅದರ ಪಕ್ಕ ಹಳೇ ಮೋಟಾರೊಂದು ಕಿಡಿ ಹಾರಿಸಿದರೆ ಮುಗಿಯಿತು. ಆ ಕಿಡಿಯ ವಿದ್ಯುತ್ ಗದ್ದಲ ಕೇಬಲ್ಲಿನೊಳಗೆ ನುಸುಳಿ, ಎಲ್ಲರ ಮಾತಿನ ಜೊತೆ ಮೇಲೆ ಹತ್ತಿ, ಎಲ್ಲವನ್ನೂ ಹಾಳು ಮಾಡುತ್ತದೆ.

ಆ ಒಂದು ಮನೆ ಯಾವುದು? ಕಂಬ ಹತ್ತಿ, ಒಂದೊಂದೇ ತಂತಿ ಬಿಚ್ಚಿ, ಯಾವುದನ್ನು ಬಿಚ್ಚಿದಾಗ ಗದ್ದಲ ಅಡಗುತ್ತದೆಂದು ನೋಡಬೇಕು. ಆದರೆ ಇವನು ಏಣಿ ಒರಗಿಸಿ ಹತ್ತುವುದರೊಳಗೆ ಗದ್ದಲವೇ ಮಾಯ. ಇಳಿದು ಜೀಪಿನ ಬಳಿ ಹೋದರೆ, ಆಫೀಸಿನಲ್ಲಿ ಪರದೆ ನೋಡುತ್ತ ಕೂತ ಮೇಡಂ ಫೋನಿನಲ್ಲಿ, "ಮತ್ತೆ ಬಂತು ಅಣ್ಣಾ!" ಹತ್ತಿದರೆ, "ಹೋಯ್ತು ಅಣ್ಣಾ!" ಐವತ್ತರ ಪ್ರಾಯದಲ್ಲಿ ಕಣ್ಣಾಮುಚ್ಚಾಲೆ. ಬಿಗಿಯಣ್ಣನಿಗೆ ಊಟ ರುಚಿಸುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಸಾಹೇಬರು ಕರೆದು ಹೇಳಿಬಿಟ್ಟಿದ್ದರು. "ಇವತ್ತು ಹಿಡೀದಿದ್ರೆ ನಾಳೆಯಿಂದ ಆ ಏರಿಯಾ ಬೇರೆಯವರಿಗೆ. ನೀವು ಸ್ಟೋರಲ್ಲಿ ಕೂತ್ಕೊಂಡು ಸಾಮಾನು ನೋಡ್ಕೊಳ್ಳಿ." ಅಲ್ಲಿನ ಒಂದೊಂದು ಕೇಬಲ್ಲನ್ನೂ ತಾನೇ ಎಳೆದವನಿಗೆ ಸ್ಟೋರು! ಬಿಗಿಯಣ್ಣನಿಗೆ ಕೆನ್ನೆಗೆ ಹೊಡೆದಂತಾಯಿತು.

ಇನ್ನೂ ಹತ್ತದೆ ಉಳಿದದ್ದು ಪಾರ್ಕಿನ ಬೀದಿಯ ಕೊನೇ ಕಂಬವೊಂದೇ. ಅಲ್ಲಿ ಜೇನುಗೂಡಿದೆ, ಹತ್ತುವ ಹಾಗಿಲ್ಲ ಎಂದು ಸಾಹೇಬರಿಗೆ ಹೇಳಿದ್ದ. ಜೇನೂ ಇರಲಿಲ್ಲ, ಗೂಡೂ ಇರಲಿಲ್ಲ. ಅಲ್ಲಿದ್ದದ್ದು ಅಕ್ಕನ ಮನೆ.

ಅಕ್ಕನ ಜೊತೆ ಎರಡು ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ನರ್ಸ್ ಕೆಲಸದಲ್ಲಿ ಊರೂರು ಸುತ್ತಿ, ನಿವೃತ್ತಿಯಾಗಿ, ಅಮ್ಮ ತೀರಿಕೊಂಡ ಮೇಲೆ ಇಲ್ಲಿಗೆ ಬಂದವಳು. ಅಮ್ಮನ ಹೊಲಿಗೆ ಮೆಷಿನ್ನನ್ನು ತಾನಿಟ್ಟುಕೊಳ್ಳುತ್ತೇನೆ ಎಂದಿದ್ದಳು. ಅವಳ ಮನೆಗೆ ಕೇಬಲ್ ಹಾಕುತ್ತಿದ್ದ ದಿನ, ಟೀವಿಯ ಹಿಂದೆ ಬಗ್ಗಿದ್ದ ಬಿಗಿಯಣ್ಣನ ಬಾಯಿಂದ ಮಾತು ಜಾರಿತು. "ಅಮ್ಮ ಹಾಸಿಗೆ ಹಿಡಿದಾಗ ಬರದವಳು ಮೆಷಿನ್ನಿಗೆ ಮಾತ್ರ ಓಡಿ ಬಂದೆ ನೋಡು." ಅಕ್ಕ ಬಾಗಿಲ ಕಡೆ ಬೆರಳು ತೋರಿಸಿದಳು. ಇವನು ಚೀಲ ಎತ್ತಿಕೊಂಡು ಹೊರಟುಬಿಟ್ಟ. ರಜೆ ಸಿಗದೆ ಅವಳು ಎಷ್ಟು ಒದ್ದಾಡಿದ್ದಳೆಂದು ಇವನಿಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದ್ದ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಜೀಪನ್ನು ದೂರ ಬಿಟ್ಟು, ಏಣಿ ಹೊತ್ತು, ಅಕ್ಕನ ಕಣ್ಣಿಗೆ ಬೀಳಬಾರದೆಂದು ಹಿಂದಿನ ಓಣಿಯಿಂದ ಬಂದ. ಜೇಬಿನಲ್ಲಿ ಬೆರಳುದ್ದದ ಫಿಲ್ಟರ್ ಇತ್ತು. ಗದ್ದಲ ಮಾಡುವ ತಂತಿಗೆ ಕಂಬದಲ್ಲೇ ಅದನ್ನು ಸಿಕ್ಕಿಸಿದರೆ ಆ ಮನೆಯಿಂದ ಏನೂ ಮೇಲೆ ಹೋಗದು. ಟೀವಿ ಬರುತ್ತದೆ, ಇಂಟರ್ನೆಟ್ ನಿಲ್ಲುತ್ತದೆ, ಆಮೇಲೆ ಮನೆಯವರೇ ಆಫೀಸಿಗೆ ಫೋನ್ ಮಾಡಿಕೊಳ್ಳಲಿ. ಯಾರ ಬಾಗಿಲನ್ನೂ ತಟ್ಟಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ.

"ಬಂತು ಅಣ್ಣಾ," ಎಂದರು ಮೇಡಂ. ಹತ್ತಿದ. "ಈ ಸಲ ನಿಂತಿಲ್ಲ ಅಣ್ಣಾ!" ಅಕ್ಕನ ತಂತಿ ಬಿಚ್ಚಿದ. "ಹೋಯ್ತು!"

ಆಗಲೇ ಅವಳ ಕಿಟಕಿಯಿಂದ ಆ ಸದ್ದು ಕೇಳಿಸಿತು. ಕರ್‍ರ್ ಎಂದು ಎಳೆದು, ಕೊನೆಯಲ್ಲಿ ಸಣ್ಣಗೆ ಸೀಟಿ ಹೊಡೆಯುವ ಮೋಟಾರು. ಕೆಲಸಕ್ಕೆ ಸೇರಿದ ವರ್ಷ ಅಮ್ಮನ ಕಾಲು ನೋವು ನೋಡಲಾರದೆ ಆ ಮೋಟಾರನ್ನು ಮೆಷಿನ್ನಿಗೆ ಕೂರಿಸಿದವನು ಇವನೇ. ಅಮ್ಮ ಹೊಲಿಯಲು ಕೂತರೆ ಟೀವಿಯ ತುಂಬ ಬಿಳಿ ಗೆರೆ ಬೀಳುತ್ತಿತ್ತು. "ಅಮ್ಮಾ, ನಿಲ್ಸು!" ಎಂದು ಕಿರುಚುತ್ತಿದ್ದವನೂ ಇವನೇ.

ಅವತ್ತು ಅಕ್ಕನ ಟೀವಿಯ ಹಿಂದೆ ಸ್ಪ್ಯಾನರ್ ಹಾಕಿದ್ದನೇ? ಹಾಕಿರಲಿಲ್ಲ. ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಮಾತು ಎಸೆದು, ಎದ್ದು ಬಂದಿದ್ದ. ಬಿಗಿಯಣ್ಣನಿಗೆ ಕಂಬದ ಮೇಲೆಯೇ ನಾಚಿಕೆಯಾಯಿತು. ಫಿಲ್ಟರ್ ಜೇಬಿಗೆ ವಾಪಸ್ ಹೋಯಿತು. ತಂತಿಯನ್ನು ಮೊದಲಿನಂತೆ ಸೇರಿಸಿ, ಇಳಿದು, ಬೆಲ್ ಒತ್ತಿದ.

ಅಕ್ಕ ಬಾಗಿಲು ತೆಗೆದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಕಂಪನಿಯಿಂದ ಬಂದಿದೀನಿ," ಎಂದ.

"ಕಾಣ್ತಾ ಇದೆ. ಷರ್ಟಿನ ಮೇಲೆ ಬರೆದಿದೆಯಲ್ಲ."

ಟೀವಿಯ ಹಿಂದೆ ಬಗ್ಗಿದ. ಕನೆಕ್ಟರ್ ಬೆರಳಿಗೇ ಅಲುಗಾಡಿತು. ಸ್ಪ್ಯಾನರ್ ಹಾಕಿ ಬಿಗಿ ಮಾಡಿದ. ಏಳದೆಯೇ ಹೇಳಿದ. "ತಪ್ಪು ನಂದೇ. ಅವತ್ತು ಬಿಗಿ ಮಾಡದೇ ಹೋಗಿದ್ದೆ."

"ಅದೊಂದೇನಾ?"

"ಇಲ್ಲ. ಆಡಿದ ಮಾತೂ ತಪ್ಪು. ಅಮ್ಮ ಕೊನೇವರೆಗೂ ನಿನ್ನ ಫೋನಿಗೇ ಕಾಯ್ತಿದ್ಲು ಅಂತ ಹೊಟ್ಟೆಕಿಚ್ಚು ನಂಗೆ."

ಅವನು ಕೇಳಿಕೊಂಡಂತೆ ಅಕ್ಕ ಮೆಷಿನ್ ಓಡಿಸಿದಳು. ಫೋನಿನಲ್ಲಿ ಮೇಡಂ ಕುಣಿದಾಡಿದರು. "ಪರದೆ ಮಟ್ಟಸವಾಗಿದೆ ಅಣ್ಣಾ! ಗದ್ದಲಾನೇ ಇಲ್ಲ!"

ಗೆದ್ದೆ ಎಂದುಕೊಂಡು ಎದ್ದವನ ಕಣ್ಣು ಸೂಜಿಯ ಕೆಳಗಿನ ದಿಂಬಿನ ಕವರಿನ ಮೇಲೆ ಬಿತ್ತು. ಉದ್ದಕ್ಕೂ ಅಡ್ಡಕ್ಕೂ ಸಾವಿರ ತೂತು. ಒಂದು ಹೊಲಿಗೆಯೂ ಇಲ್ಲ.

"ದಾರಾನೇ ಹಾಕಿಲ್ವಲ್ಲ ಅಕ್ಕಾ?"

"ನಂಗೆಲ್ಲಿ ಹೊಲಿಯೋಕ್ ಬರುತ್ತೆ? ಒಂದಿನ ಧೂಳು ಒರೆಸಿ, ಓಡುತ್ತಾ ಅಂತ ನೋಡ್ದೆ. ಸ್ವಲ್ಪ ಹೊತ್ತಿಗೆ ನೀನು ಅಲ್ಲಿ ಕಾಣೋ ಆಚೆ ಬೀದಿ ಕಂಬದ ಮೇಲಿದ್ದೆ. ಮಾರನೇ ದಿನ ಅದೇ ಹೊತ್ತಿಗೆ ಓಡ್ಸಿದೆ. ಮತ್ತೆ ಬಂದೆ."

"ನಾನು ಹತ್ತಿದ ತಕ್ಷಣ ನಿಂತೋಗ್ತಿತ್ತು..."

"ಕಿಟಕಿಗೆ ಬರಬೇಡವಾ ನಾನು? ಕಾಲು ಪೆಡಲ್ ಮೇಲಿಟ್ಕೊಂಡು ನಿನ್ನನ್ನ ನೋಡೋಕಾಗುತ್ತಾ?"

"ಇನ್ನೂರು ಮನೆಯವರು ಬೈತಿದ್ರು ಕಣೇ! ಒಂದ್ಸಲ ಕೂಗಿ ಕರೀಬಾರ್ದಿತ್ತಾ?"

"ನೀನು ತಟ್ಟಬಾರ್ದಿತ್ತಾ? ಸೊಕ್ಕು ನಿನ್ನೊಬ್ಬನಿಗೇನಾ ಇರೋದು?" ಎಂದಳು. ಆಮೇಲೆ ಮೆಷಿನ್ನಿನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು. "ಇನ್ಮೇಲೆ ಇದನ್ನ ಓಡ್ಸಿದ್ರೆ ಏನೂ ಆಗಲ್ವಾ?"

"ಏನೂ ಆಗಲ್ಲ."

"ಹಾಗಾದ್ರೆ ನಾಳೆ ನೀನ್ಯಾಕೆ ಬರ್ತೀಯ ಪುಟ್ಟಾ?"

ಬಿಗಿಯಣ್ಣ ಬಾಗಿಲವರೆಗೆ ನಾಲ್ಕು ಹೆಜ್ಜೆ ಹೋದ, ನಿಂತ, ವಾಪಸ್ ಬಂದು ಸ್ಪ್ಯಾನರನ್ನು ಟೀವಿಯ ಪಕ್ಕ ಇಟ್ಟ.

"ಇದು ಇಲ್ಲೇ ಇರ್ಲಿ," ಎಂದ. "ಹನ್ನೊಂದಕ್ಕೆ ಬಂದು ಇನ್ನೊಂದ್ಸಲ ಬಿಗಿ ಮಾಡ್ಬೇಕು."