ಮೊದಲು ಲಗ್ನ ಆಗಲಿ

ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ವಿರೂಪಾಕ್ಷಿಯಂಥ ಕೈ ಇನ್ನೊಬ್ಬರದಿರಲಿಲ್ಲ. ಆದರೆ ಮನೆಯಲ್ಲಿ ಅವನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಇದ್ದೀತಾದರೂ ಹೇಗೆ? ಎತ್ತಿ ಆಡಿಸಿ ಬೆಳೆಸಿದ ಅಕ್ಕ ಸುಂಕಮ್ಮನೇ ಅವನಿಗೆ ಅತ್ತೆಯೂ ಆಗಿದ್ದಳು. ಬಾದನಹಟ್ಟಿಯ ಸುಂಕಮ್ಮ ತನ್ನ ಮಗಳು ಕಾವೇರಿಯನ್ನು ತಮ್ಮನಿಗೇ ಕೊಟ್ಟಿದ್ದಳು. ಸೋದರಮಾವ ಇರುವಾಗ ಹೊರಗಿನ ಗಂಡು ಯಾಕೆ ಎನ್ನುವುದು ನಮ್ಮ ಕಡೆ ಎಲ್ಲರೂ ಆಡುವ ಮಾತು. ಆಡುವುದು ಸುಲಭ.

ಕಾವೇರಿಯ ಮೊದಲ ಗಂಡುಮಗು ಐದು ತಿಂಗಳಿಗೇ ಜ್ವರ ಬಂದು ಹೋಯಿತು. ಸುಂಕಮ್ಮ ದೃಷ್ಟಿ ಅಂದಳು, ಊರವರು ಹಣೆಬರಹ ಅಂದರು. ಎರಡನೆಯದು ಹೆಣ್ಣು, ಪಾರು. ಅವಳಿಗೂ ಬಾಯಿತುಂಬ ಬಿಳಿ ಹುಣ್ಣು, ನಿಲ್ಲದ ಭೇದಿ, ಮೇಲಿಂದ ಮೇಲೆ ಕೆಮ್ಮು. ಈ ಸಲ ಕಾವೇರಿ ಯಾರ ಮಾತಿಗೂ ಕಾಯಲಿಲ್ಲ. ಮಗುವನ್ನು ಎತ್ತಿಕೊಂಡು ಮಕ್ಕಳ ಡಾಕ್ಟರು ಸುಧಾರಾಣಿಯ ಹತ್ತಿರ ಹೋಗಿ ಕೂತಳು. ಡಾಕ್ಟರು ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬಂದ ದಿನ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು.

"ನೋಡ್ರಿ, ರೋಗಾಣು ಸಾವಿರ ನಮೂನಿ. ಒಂದೊಂದಕ್ಕೂ ಬ್ಯಾರೆ ಪ್ರತಿಕಾಯ ಬೇಕು. ಅಷ್ಟೂ ನಮೂನಿ ಹುಟ್ಟಿದಾಗ್ಲೇ ಮೈಯಾಗ ಬರೆದಿಟ್ಟಿರಂಗಿಲ್ಲ. ಅದಕ್ಕ ರಕ್ತದ ಕೆಲವು ಕಣ ತಮ್ಮ ಡಿಎನ್‌ಎನ ತಾವ ಕತ್ತರಿಸ್ತಾವು. ತುಂಡುಗಳನ್ನ ಅದಲುಬದಲು ಮಾಡಿ ಕೂಡಿಸ್ತಾವು. ಹಂಗ ಒಂದೊಂದು ಕಣ ಒಂದೊಂದು ಹೊಸ ನಮೂನಿ ಮಾಡ್ತೈತಿ."

"ಕತ್ತರಿಸಿದ್ದನ್ನ ಹೊಲಿಯೋರ್‍ಯಾರ್‍ರಿ?" ವಿರೂಪಾಕ್ಷಿ ಕೇಳಿದ. ಟೈಲರನ ಬುದ್ಧಿ ಮೊದಲು ಅಲ್ಲಿಗೇ ಹೋಯಿತು.

"ಅದ ಕೇಳಬೇಕಾಗಿದ್ದು. ಹರಿದ ಡಿಎನ್‌ಎ ರಿಪೇರಿ ಮಾಡಾಕ ಮೈಯಾಗ ಒಂದು ದಂಡು ಐತಿ. ಎಕ್ಸ್‌ರೇ ಬಿದ್ದು ಹರಿದ್ರೂ ಅದ ಬರಬೇಕು, ಇಲ್ಲೂ ಅದ ಬರಬೇಕು. ಪಾರುಗೆ ಅದರಾಗ ಒಂದು ಕೆಲಸ ಮಾಡವಲ್ದು. ಕತ್ತರಿ ಆಡ್ತೈತಿ, ಸೂಜಿ ಆಡವಲ್ದು. ಕತ್ತರಿಸಿಕೊಂಡ ಕಣ ಕೂಡದ ಸಾಯ್ತಾವು. ಅದಕ್ಕ ಆಕೀಗೆ ಕಾವಲು ಅಂಬೋದ ಇಲ್ಲ."

ಒಂದೇ ಮನೆತನದ ಆ ದೋಷ ಗಂಡ ಹೆಂಡತಿ ಇಬ್ಬರಲ್ಲೂ ಅರ್ಧರ್ಧ ಅಡಗಿತ್ತು. ಅರ್ಧವಿದ್ದವರಿಗೆ ಏನೂ ಆಗುವುದಿಲ್ಲ. ಎರಡರ್ಧ ಸೇರಿದ ಮಗು ಮಾತ್ರ ಉಳಿಯುವುದಿಲ್ಲ. ಮದ್ದು ಒಂದೇ, ಹೊಂದುವವರ ಮೂಳೆಯ ಮಜ್ಜೆ. ಅದು ಸಿಗುವವರೆಗೆ ಸೋಂಕು ತಾಗದಂತೆ ಮಗುವನ್ನು ಹೆತ್ತವರ ಹೊರತು ಯಾರೂ ಮುಟ್ಟಬಾರದು, ಅನಿವಾರ್ಯವಿಲ್ಲದೆ ಎಕ್ಸ್‌ರೇ ತೆಗೆಯಬಾರದು. ಕಾವೇರಿ ಅಂದಿನಿಂದ ಮನೆಯ ಬಾಗಿಲಿಗೆ ನಿಂತಳು. ಜಾವಳ ನಿಂತಿತು, ನೆಂಟರು ನಿಂತರು. ಬಂದವರು ಕಿಟಕಿಯಲ್ಲಿ ಇಣುಕಿ, ಕಾವೇರಿಗೆ ಭಾರಿ ಸೊಕ್ಕು ಬಂದಿದೆ ಎಂದು ಗೊಣಗಿಕೊಂಡು ಹೋದರು.

ಮಜ್ಜೆ ಹೊಂದಿದ್ದು ಕಾವೇರಿಯ ತಮ್ಮ ಹೊನ್ನೂರಸ್ವಾಮಿಯದು. ಸಿರುಗುಪ್ಪದ ಕಡೆ ಭತ್ತ ಕೊಯ್ಯುವ ಯಂತ್ರ ಓಡಿಸುವ ಹುಡುಗ. ಡಾಕ್ಟರಿಗೇನೂ ಆಶ್ಚರ್ಯವಾಗಲಿಲ್ಲ. ಮನೆಯೊಳಗೇ ಕೊಟ್ಟು ತಂದವರಲ್ಲಿ ಹೀಗೆ ಪೂರಾ ಹೊಂದುವುದುಂಟಂತೆ. ರೋಗ ಕೊಟ್ಟ ಸಂಬಂಧವೇ ಮದ್ದನ್ನೂ ಕೊಟ್ಟಿತ್ತು. ಕಾವೇರಿ ಆ ದಿನ ಎಷ್ಟೋ ತಿಂಗಳ ಮೇಲೆ ಹೊಟ್ಟೆತುಂಬ ಉಂಡಳು.

"ತಗೊಳ್ರಿ ಡಾಕ್ಟ್ರೇ, ಎಷ್ಟ್ ಬೇಕಷ್ಟು ತಗೊಳ್ರಿ. ನಮ್ಮಕ್ಕನ ಮಗಳಿಗಲ್ದ ಇನ್ಯಾರಿಗೆ?" ಅಂದ ಹೊನ್ನೂರಸ್ವಾಮಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ಹಾಸಿಗೆಯೂ ಗೊತ್ತಾಯಿತು.

ಸುಧಾರಾಣಿ ಇನ್ನೊಂದು ಮಾತು ಹೇಳಿದರು. ಅವನಲ್ಲೂ ಆ ಅರ್ಧ ದೋಷ ಇದೆ, ಅವನಿಗೇನೂ ತೊಂದರೆಯಿಲ್ಲ, ಆದರೆ ಮದುವೆಯಾಗುವ ಹುಡುಗಿಯನ್ನು ಒಮ್ಮೆ ಪರೀಕ್ಷೆ ಮಾಡಿಸಲಿ ಎಂದರು. ಹುಡುಗಿ ಬೇರೆ ಯಾರೂ ಅಲ್ಲ, ಸುಂಕಮ್ಮನ ಇನ್ನೊಬ್ಬ ತಮ್ಮ, ಸಿರುಗುಪ್ಪದ ಚಿನ್ನಪ್ಪನ ಮಗಳು ಜ್ಯೋತಿಲಕ್ಷ್ಮಿ. ಅದೇ ಬಳ್ಳಿಯ ಮತ್ತೊಂದು ಕಾಯಿ. ಹೊನ್ನೂರಸ್ವಾಮಿ ಇದನ್ನು ಫೋನಿನಲ್ಲಿ ಅವಳಿಗೇ ಹೇಳಿಬಿಟ್ಟ. ಮರುದಿನ ಚಿನ್ನಪ್ಪ ಬಾದನಹಟ್ಟಿಗೆ ಬಂದು ಅಂಗಳದಲ್ಲಿ ನಿಂತ, ಒಳಗೆ ಬರಲಿಲ್ಲ.

"ನನ್ನ ಮಗಳಿಗೆ ಸೂಜಿ ಚುಚ್ಚಿ ನೋಡ್ತಾರಂತ? ಏನಕ್ಕ, ನಮ್ಮ ರಕ್ತ ಕೆಟ್ಟೈತಂತ ಊರತುಂಬ ಡಂಗುರ ಹೊಡಸ್ತೀಯೇನು? ಮೂಳಿಯಾಗಿಂದು ತೆಗಿಸಿಕೊಂಡು ಬಂದವನಿಗೆ ನಾನು ಹೆಣ್ಣು ಕೊಡಂಗಿಲ್ಲ."

ಸುಂಕಮ್ಮನಿಗೆ ಅತ್ತ ದರಿ, ಇತ್ತ ಪುಲಿ. ಲಗ್ನಕ್ಕೆ ಒಂದೇ ತಿಂಗಳು ಉಳಿದಿತ್ತು. ಅವಳು ದಾರಿಯೊಂದನ್ನು ಹುಡುಕಿದಳು. ಪರೀಕ್ಷೆಯ ಮಾತು ಬೇಡ, ಮೊದಲು ಲಗ್ನ ಆಗಲಿ, ಆಮೇಲೆ ಮಜ್ಜೆ ಕೊಡಲಿ. ಕೊರಳಿಗೆ ತಾಳಿ ಬಿದ್ದ ಮೇಲೆ ಯಾರು ಏನು ಕೇಳುತ್ತಾರೆ?

ಕಾವೇರಿ ಮಗುವನ್ನು ಗಂಡನ ಹತ್ತಿರ ಬಿಟ್ಟು ಬಾದನಹಟ್ಟಿಗೆಂದು ಕುರುಗೋಡಿನ ಬಸ್ಸು ಹತ್ತಿದಳು. ತವರಿಗೆ ಬಂದವಳು ನೀರೂ ಕುಡಿಯದೆ ಅವ್ವನ ಕಾಲು ಹಿಡಿದಳು.

"ಹಾಸಿಗಿ ಬಿಟ್ರ ಬ್ಯಾರೆ ಕೂಸಿಗೆ ಹೋಗ್ತೈತಬೇ. ಮತ್ತ ಯಾವಾಗ ಸಿಗ್ತೈತೋ ಗೊತ್ತಿಲ್ಲ. ಈ ತಿಂಗಳು ಆಕಿ ಉಳೀತಾಳಂತ ಯಾರ್ ಹೇಳ್ಯಾರ?"

"ನಾನೇನು ಕೊಡಂಗಿಲ್ಲ ಅಂದೇನು? ಒಂದ್ ತಿಂಗಳು ತಡಿ ಅಂದೆ." ಸುಂಕಮ್ಮ ಕಾಲು ಎಳೆದುಕೊಂಡಳು. "ನಿಂದು ಹೋದ್ರ ಇನ್ನೊಂದು ಹಡೀತಿ. ಇವಂದು ಮುರಿದ್ರ ಮತ್ತ ಕೂಡ್ತೈತೇನು?"

ಹೆತ್ತವಳ ಬಾಯಲ್ಲಿ ಬರುವ ಮಾತೇ ಇದು? ಬಂತು. ಕೇಳಿದ ಕಾವೇರಿಯ ಅಳು ನಿಂತೇ ಹೋಯಿತು. ಅವಳು ತಮ್ಮನ ಮುಖ ನೋಡಿದಳು. ಆನೆಯಂಥ ಯಂತ್ರವನ್ನು ಕೆಸರುಗದ್ದೆಯಲ್ಲಿ ತಿರುಗಿಸುವ ಆ ಗಂಡಸು ನೆಲ ನೋಡುತ್ತ ನಿಂತಿದ್ದ.

"ಅವ್ವ ಹೇಳಿದ್ಮ್ಯಾಲೆ ನಾನೇನ್ ಮಾಡ್ಲಕ್ಕ" ಅಂದ. ಇಂಥ ಮೆದು ಮಕ್ಕಳನ್ನು ನಮ್ಮ ಜನ ಬಂಗಾರದಂಥವರು ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ.

ಬೆಂಗಳೂರಿನ ಹಾಸಿಗೆ ಬೇರೆ ಮಗುವಿಗೆ ಹೋಯಿತು. ಸಿರುಗುಪ್ಪದಲ್ಲಿ ಚಪ್ಪರ ಎದ್ದಿತು. ಕಾವೇರಿ ಹೋಗಲಿಲ್ಲ. ವಿರೂಪಾಕ್ಷಿಯೂ ಹೋಗಬಾರದೆಂದು ಹೊಸ್ತಿಲಿಗೆ ಅಡ್ಡ ನಿಂತಳು. ಆದರೆ ಮದುಮಗನ ಸೋದರಮಾವ ಅವನು. ಬಾಸಿಂಗ ಕಟ್ಟಬೇಕಾದವನೇ ಇಲ್ಲದಿದ್ದರೆ ಜನ ಏನಂದಾರು ಎಂದು ಅಕ್ಕ ಫೋನಿನ ಮೇಲೆ ಫೋನು ಮಾಡಿದಳು.

"ಬಾಸಿಂಗ ಕಟ್ಟಿ ಬಂದುಬಿಡ್ತೀನಿ ಕಾವೇರಿ. ಮಾಸ್ಕ್ ಹಾಕ್ಕೊಂತೀನಿ, ಬಂದ್ ಕೂಡ್ಲೇ ಜಳಕ ಮಾಡ್ತೀನಿ."

ಹೇಳಿದಂತೆಯೇ ಮಾಡಿದ. ಸುಳ್ಳಾಡುವವನಲ್ಲ ಅವನು. ಊಟಕ್ಕೂ ಕೂರದೆ ಬಂದ, ಬಚ್ಚಲಲ್ಲಿ ಮೈ ಉಜ್ಜಿಕೊಂಡ, ಬಟ್ಟೆಯನ್ನು ಹೊರಗೇ ನೆನೆಹಾಕಿದ. ಆದರೆ ಎರಡು ದಿನಕ್ಕೆ ಅವನಿಗೆ ನೆಗಡಿಯಾಯಿತು. ಮದುವೆಮನೆಯಲ್ಲಿ ಅರ್ಧ ಜನ ಮೂಗು ಒರೆಸಿಕೊಳ್ಳುತ್ತಿದ್ದರಂತೆ. ಮಿಕ್ಕವರಿಗೆಲ್ಲ ಕಷಾಯ ಕುಡಿದರೆ ಹೋಗುವ ನೆಗಡಿ. ಪಾರುವಿಗೆ ಅದು ಎದೆಗೆ ಇಳಿಯಿತು.

ಆಸ್ಪತ್ರೆಯಲ್ಲಿ ಮಗುವಿನ ಮೂಗಿಗೆ ಕೊಳವೆ ಹಾಕಿದರು. ಪಕ್ಕೆಗಳು ಒಳಗೆಳೆದುಕೊಳ್ಳುತ್ತಿದ್ದವು. ವಿರೂಪಾಕ್ಷಿ ವಾರ್ಡಿನ ಹೊರಗೆ ಗೋಡೆಗೆ ತಲೆ ಚಚ್ಚಿಕೊಂಡ. ಕಾವೇರಿ ಅವನನ್ನು ದಾಟಿ ಮಗುವಿನ ಹತ್ತಿರ ಹೋದಳು.

ಸುದ್ದಿ ಮುಟ್ಟಿದ ಮೇಲೆ ಹೊನ್ನೂರಸ್ವಾಮಿ ಓಡಿಬಂದ. ಕೈಯ ಅರಿಶಿನ ಇನ್ನೂ ಹೋಗಿರಲಿಲ್ಲ. ಹಿಂದೆಯೇ ಸುಂಕಮ್ಮ, ರೇಷ್ಮೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು.

"ಈಗ ತಗೊಳ್ರಿ ಡಾಕ್ಟ್ರೇ, ಈಗಿಂದೀಗ್ಲೇ ತಗೊಳ್ರಿ" ಎಂದು ಅವನು ಸುಧಾರಾಣಿಯ ಕೈ ಹಿಡಿದುಕೊಂಡ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಡಾಕ್ಟರು ಗಾದೆ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು. ಕೊಟ್ಟ ಮಜ್ಜೆ ಊರಿ ಕೆಲಸಕ್ಕೆ ಹತ್ತಲು ವಾರಗಳು ಬೇಕು. ಮಗುವಿಗೆ ಇನ್ನು ಒಂದು ದಿನವೂ ಕಷ್ಟ.

ಹೊನ್ನೂರಸ್ವಾಮಿ ಹಾಸಿಗೆಯಿಂದ ದೂರ, ಗೋಡೆಗೆ ಅಂಟಿ ನಿಂತ. ಕೈ ತೊಳೆಯುವ ನಲ್ಲಿ ಎಲ್ಲಿದೆ ಎಂದು ನರ್ಸಿಗೆ ಕೇಳಿದ. ಕಾವೇರಿ ಕೊಳವೆಯ ಸಮೇತ ಮಗುವನ್ನು ನಿಧಾನವಾಗಿ ಎತ್ತಿ ಅವನ ಮುಂದೆ ಹಿಡಿದಳು.

"ಕೈ ತೊಳಿಯೋದು ಬ್ಯಾಡಪ, ಹಂಗ ಎತ್ಕೋ." ಆಮೇಲೆ ಬಾಗಿಲ ಕಡೆ ತಿರುಗಿದಳು. "ನೀನೂ ಬಾರಬೇ. ಇನ್ನ ಯಾರ್ ಮುಟ್ಟಿದ್ರೂ ಅಷ್ಟ ಐತಿ."