ದೊಡ್ಡೋರ ರೋಗ

ನನ್ನ ಬಲಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ಒಳಕ್ಕೆ ಮಡಚಿಕೊಂಡಿವೆ. ಎಳೆದರೂ ನೆಟ್ಟಗಾಗುವುದಿಲ್ಲ. ಅಂಗೈಯ ಚರ್ಮದಡಿ ಹಗ್ಗದಂಥ ಗಂಟು. ನನಗೆ ಇಪ್ಪತ್ತೊಂಬತ್ತು ವರ್ಷ. ಶಿಕಾರಿಪುರದ ಡಾಕ್ಟರು ಕೈ ನೋಡಿ, "ಇದು ದೊಡ್ಡೋರಿಗೆ ಬರೋ ರೋಗ ಕಣಮ್ಮಾ. ಅರವತ್ತು ದಾಟಿದ ಗಂಡಸರಲ್ಲೇ ಜಾಸ್ತಿ. ನಿನಗ್ಯಾಕೆ ಈಗ್ಲೇ ಬಂತು?" ಎಂದು ನನ್ನನ್ನೇ ಕೇಳಿದರು. ನಾನೇನು ಅರ್ಜಿ ಹಾಕಿ ತರಿಸಿಕೊಂಡೆನೇ? ಅಂಟುವುದಿಲ್ಲ, ಇನ್ನೂ ಮಡಚಿದರೆ ಆಪರೇಷನ್ ಮಾಡೋಣ ಎಂದರು.

ಮನೆಗೆ ಬಂದು ಅತ್ತೆ ವರದಮ್ಮನಿಗೆ ಹೇಳಿದೆ, "ದೊಡ್ಡೋರ ರೋಗವಂತೆ ಅತ್ತೆ." ಎಡವಟ್ಟಾದದ್ದು ಅಲ್ಲೇ. ಅತ್ತೆಗೆ ಕಿವಿ ಮಂದ, ನಾಲಿಗೆ ಚುರುಕು. ನಲ್ಲಿಯ ಹತ್ತಿರ ಹೋಗಿ, "ನಮ್ಮ ಸೊಸಿಗೆ ದೊಡ್ಡ ರೋಗ ಬಂದೈತ್ರೆ" ಎಂದು ಕಣ್ಣೊರೆಸಿಕೊಂಡರಂತೆ. ನಮ್ಮ ಕಡೆ ಕುಷ್ಠ ಎಂಬ ಮಾತನ್ನು ಯಾರೂ ಬಾಯಲ್ಲಿ ಆಡುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ಅತ್ತೆಯ ಕೊಡ ತುಂಬುವಷ್ಟರಲ್ಲಿ ಸುದ್ದಿ ಊರು ತುಂಬಿತ್ತು. ಕೂಗಾಡಿ ಅತ್ತೆಗೆ ಬಿಡಿಸಿ ಹೇಳಿದೆ, ಅವರಿಗೆ ಅರ್ಥವಾಯಿತು. ಊರಿಗೆ ಯಾರು ಬಿಡಿಸಿ ಹೇಳಬೇಕು?

ಅಂಜನಾಪುರದ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆಯವಳು. ಸೌಟು ಹಿಡಿಯಲು ಮಡಚಿದ ಬೆರಳು ಅಡ್ಡಿಯಲ್ಲ, ಹಿಡಿತ ಇನ್ನೂ ಗಟ್ಟಿ. ಮರುದಿನ ಎಪ್ಪತ್ತು ಮಕ್ಕಳಲ್ಲಿ ಹನ್ನೊಂದು ಮಕ್ಕಳಷ್ಟೇ ತಟ್ಟೆ ಹಿಡಿದು ಬಂದರು. ಉಳಿದವರು ಮನೆಯಿಂದ ಬುತ್ತಿ ತಂದಿದ್ದರು. ಅಷ್ಟೂ ಅನ್ನ ಎಮ್ಮೆಗಳ ಕಲಗಚ್ಚಿಗೆ ಹೋಯಿತು.

ಶುಕ್ರವಾರ ನನ್ನ ವಿಷಯಕ್ಕೇ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ನಾನು ಮತ್ತೆ ಶಿಕಾರಿಪುರಕ್ಕೆ ಹೋಗಿ ಡಾಕ್ಟರಿಂದ ಬರೆಸಿಕೊಂಡು ಬಂದ ಚೀಟಿಯನ್ನು ಹೆಡ್‌ಮೇಡಂ ಓದಿ, "ಇದು ಕುಷ್ಠ ಅಲ್ಲ, ಅಂಟೋದೂ ಇಲ್ಲ" ಎಂದು ಎಲ್ಲರಿಗೂ ತಿಳಿಸಿ ನನ್ನ ಕೈಗೆ ವಾಪಸು ಕೊಟ್ಟರು. ಕುರಿ ಸಾಕುವ ಮನೆತನದ ಹಿರಿಯ ಚಿಕ್ಕಬೀರಪ್ಪ ಕಂಬಳಿ ಹೊದ್ದು ಮುಂದೆ ಕೂತಿದ್ದರು. ಊರಲ್ಲಿ ಅವರ ಮಾತೇ ಮಾತು.

"ಚೀಟಿ ಯಾರು ಬೇಕಾದ್ರೂ ಬರಸ್ತಾರ. ಸಣ್ಣ ವಯಸ್ಸಿನ ಹೆಣ್ಮಗಳ ಬೆರಳು ಸುಮ್ನ ಮಡಚ್ತಾವೇನು? ತವರು ಸೊರಬದಿಂದ್ಲೇ ಹೊತ್ಕೊಂಡು ಬಂದಿರ್ಬೇಕು. ಪಾತ್ರಿ ತಿಕ್ಲಿ, ಬಡಿಸೋದು ಬ್ಯಾಡ. ಎಲ್ಲಿ, ಆ ಚೀಟಿ ತಾ ಇಲ್ಲಿ" ಎಂದು ಎಡಗೈ ಚಾಚಿದರು.

ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡೆ. "ಎಡಗೈಗೆ ಕೊಡಲ್ಲ ರೀ. ನಾನೇನು ನಿಮ್ಮನೆ ಕಸ ಕೊಡ್ತಿಲ್ಲ."

ಎಲ್ಲರೂ ಅವರತ್ತ ತಿರುಗಿದರು. ಬೇರೆ ದಾರಿಯಿಲ್ಲದೆ ಕಂಬಳಿಯೊಳಗಿಂದ ಬಲಗೈ ಹೊರಗೆ ಬಂತು. ಅವೇ ಎರಡು ಬೆರಳು, ಹಾಗೇ ಮಡಚಿದ್ದವು.

"ಇದು ನಲವತ್ತು ವರ್ಷ ಕುರಿ ಉಣ್ಣೆ ಕತ್ತರಿಸಿ ಆಗಿದ್ದು" ಎಂದರು. ಹೌದೌದು ಎಂದು ಜನ ತಲೆಯಾಡಿಸಿದರು.

"ನಿಮಗಾದ್ರೆ ಕತ್ತರಿ, ನನಗಾದ್ರೆ ಕುಷ್ಠನಾ?" ಎಂದು ಕಿರುಚಿದೆ. ಹಿರಿಯರ ಕೈ ಹಾಗೆಲ್ಲ ಹಿಡಿಯಬಾರದು. ಹಿಡಿದೆ. ಅಂಗೈ ಮೇಲೆ ಮಾಡಿ, ಪಕ್ಕದಲ್ಲಿ ನನ್ನ ಅಂಗೈ ಇಟ್ಟೆ. ಅದೇ ಗಂಟು, ಅದೇ ಜಾಗದಲ್ಲಿ. "ನೋಡ್ರೀ ಎಲ್ಲರೂ! ಇವರ ಮನೇಲಿ ಊಟ ಮಾಡದೇ ಇರೋರು ಈ ಊರಲ್ಲಿ ಯಾರಿದ್ದೀರಿ? ಯಾರಿಗೆ ಅಂಟ್ತು?"

ಚಿಕ್ಕಬೀರಪ್ಪ ಕೈ ಕಿತ್ತುಕೊಂಡು, "ಆತು, ಸೋಮವಾರದಿಂದ ಆಕೀನೇ ಬಡಿಸ್ಲಿ" ಎಂದರು. ಅಪ್ಪಣೆಯೂ ಅವರದೇ ಆಗಬೇಕಲ್ಲ!

ಜನ ಚದುರಿದರು. ಚಿಕ್ಕಬೀರಪ್ಪ ಮಾತ್ರ ಎದ್ದಿರಲಿಲ್ಲ. "ನಾಗವೇಣಿ, ಆ ಡಾಕ್ಟ್ರು ಯಾವತ್ತು ಸಿಗ್ತಾರವ್ವಾ? ನನಗೂ ಅಂಥದ್ದೊಂದು ಚೀಟಿ ಬೇಕಾಗಿತ್ತು."

"ನಿಮಗ್ಯಾಕ್ರೀ ಚೀಟಿ? ನಿಮ್ಮನ್ನ ಯಾರು ಕೇಳ್ತಾರೆ?"

"ಮನಿಯಾಗ ಮೊಮ್ಮಗಳು ಅದಾಳ. ಇದೇ ಸಾಲಿಗೆ ಬರ್ತಾಳ. ನಿನ್ನ ಸುದ್ದಿ ಕೇಳಿದಾಗಿಂದ ನನ್ನ ಕೈತುತ್ತು ಬ್ಯಾಡ ಅಂತಾಳ."

ಅಯ್ಯೋ ಪಾಪ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. ತುತ್ತು ಬೇಡವೆನ್ನಿಸಿಕೊಳ್ಳುವುದು ಹೇಗಿರುತ್ತದೆಂದು ಗೊತ್ತಿದ್ದೂ ನನ್ನನ್ನು ಪಾತ್ರೆ ತಿಕ್ಕಲು ಅಟ್ಟಲು ಬಂದವರು ಇವರು.

"ಮಂಗಳವಾರ ಸಿಗ್ತಾರೆ" ಎಂದೆ. "ಆದ್ರೆ ಚೀಟಿ ಯಾರು ಬೇಕಾದ್ರೂ ಬರೆಸ್ತಾರೆ ಅಂತ ಊರ ಮುಂದೆ ಹೇಳಿದವರು ನೀವೇ. ಆ ಮಗು ಅದನ್ನ ನಂಬುತ್ತಾ?"