ನಡುವಿನಲ್ಲಿ ಏನನ್ನೂ ಇಡಬೇಡಿ

“ಎಲ್ಲಿಗೆ ಹೋದೆ ನೀನು?”

ಅಕ್ಕ ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಅವಳನ್ನು ಬಿಟ್ಟರೆ ಒಂದು ಮೇಜು, ಒಂದು ಕಂಪ್ಯೂಟರು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು, ಅಷ್ಟೇ. ನಿನ್ನೆ ಸಂಜೆ ಪರದೆಯ ಬಲ ಕೆಳಮೂಲೆಯಲ್ಲಿ ಅವಳು ಕೈಯಾರೆ ಹಾಕಿದ್ದ ಒಂದು ಇಡೀ ಪುಸ್ತಕ ಈ ಬೆಳಿಗ್ಗೆ ಅಲ್ಲಿಲ್ಲ.

ಕಥೆಯನ್ನು ಇಲ್ಲಿಂದ ಶುರು ಮಾಡಬಹುದೇ? ನನಗೆ ಗೊತ್ತಾಗುತ್ತಿಲ್ಲ. ನಾನು ಕೇಳಿ ಬೆಳೆದ ಪದ್ಯಗಳಲ್ಲಿ ಈ ತಾಪತ್ರಯವಿರಲಿಲ್ಲ. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಮೊದಲು ದೇವರನ್ನು ನೆನೆಯುತ್ತಿದ್ದರು, ಆಮೇಲೆ ಹಿರಿಯರನ್ನು, ಆಮೇಲೆ ಕಥೆ ತಾನೇ ನಡೆದುಕೊಂಡು ಬರುತ್ತಿತ್ತು. ನಾವು ಕಾಲು ಮಡಚಿ ಕೂತು ಕೇಳಿದರೆ ಸಾಕಿತ್ತು. ನಾನೂ ಇವತ್ತು ದೇವರನ್ನು ನೆನೆದೇ ಕೂತೆ. ಕೂತು ಮಾಡಿದ್ದೇನೆಂದರೆ ಪುಟದ ಬಣ್ಣವನ್ನು ಬಿಳಿಯಿಂದ ತಿಳಿಹಳದಿಗೆ, ಅಲ್ಲಿಂದ ಬೂದಿಗೆ ಬದಲಿಸಿದೆ. ಅಕ್ಷರಗಳನ್ನು ದುಂಡಗೆ ಮಾಡಿದೆ. ದುಂಡಗಿನ ಅಕ್ಷರದಲ್ಲಿ ಅಕ್ಕ ಯಾಕೋ ದಪ್ಪಗೆ ಕಂಡಳು. ಮತ್ತೆ ತೆಳ್ಳಗೆ ಮಾಡಿದೆ.

೧

ಮನೆಯಲ್ಲಿ ಇಬ್ಬರೇ, ಅಕ್ಕ ಮತ್ತು ತಮ್ಮ. ಕಂಪ್ಯೂಟರು ಒಂದೇ. (ಎರಡಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ದಯವಿಟ್ಟು ಯಾರೂ ಅವರಿಗೆ ಇನ್ನೊಂದನ್ನು ಕೊಡಿಸುವ ಉಪಕಾರ ಮಾಡಬೇಡಿ.)

ಅಕ್ಕನದು ಧ್ವನಿ ಕತ್ತರಿಸುವ ಕೆಲಸ. ಯಾರೋ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾರೆ, ಆಫೀಸಿನವರು ಅದನ್ನು ರೆಕಾರ್ಡ್ ಮಾಡಿ ಅಕ್ಕನಿಗೆ ಕಳಿಸುತ್ತಾರೆ. ಕೆಮ್ಮು, ಪುಟ ಮಗುಚಿದ ಸದ್ದು, ಕುರ್ಚಿ ಕಿರುಗುಟ್ಟಿದ್ದು, ಹೊರಗೆ ಹಾದುಹೋದ ಲಾರಿ ಎಲ್ಲವನ್ನೂ ಅವಳು ತೆಗೆಯುತ್ತಾಳೆ. ಉಸಿರನ್ನು ಮಾತ್ರ ಮುಟ್ಟುವುದಿಲ್ಲ. ಉಸಿರು ತೆಗೆದರೆ ಓದುವವರು ಮನುಷ್ಯರ ಹಾಗೆ ಕೇಳಿಸುವುದಿಲ್ಲ ಎಂದು ಅವಳ ಹಟ. ಬಂದದ್ದೆಲ್ಲ ಪರದೆಯ ಎಡ ಮೇಲ್ಮೂಲೆಯ ಫೋಲ್ಡರಿನಲ್ಲಿ, ಮುಗಿದದ್ದೆಲ್ಲ ಬಲ ಕೆಳಮೂಲೆಯ ಫೋಲ್ಡರಿನಲ್ಲಿ. ಮುಗಿದದ್ದನ್ನು ಅಲ್ಲಿಗೆ ಎಳೆದು ಬಿಟ್ಟರಾಯಿತು, ತಾನಾಗಿಯೇ ಆಫೀಸಿಗೆ ಹೋಗುತ್ತದೆ.

ತಮ್ಮನದು ಬಟ್ಟೆ ಅಂಗಡಿಯ ಗಾಜಿನ ಹಿಂದೆ ಗೊಂಬೆಗಳಿಗೆ ಬಟ್ಟೆ ಉಡಿಸುವ ಕೆಲಸ. ಗೊಂಬೆಯ ಕೈ ಎತ್ತಿರಬೇಕೋ ಇಳಿದಿರಬೇಕೋ ಎನ್ನುವುದನ್ನೂ ಮಾಲೀಕರು ರಸ್ತೆಯ ಆಚೆ ಬದಿಯಲ್ಲಿ ನಿಂತು ಸನ್ನೆ ಮಾಡಿ ಹೇಳುತ್ತಾರೆ. ಮನೆಗೆ ಬಂದ ಮೇಲೆ ಅವನಿಗೆ ತನ್ನದು ಎನ್ನಲು ಇರುವ ಗಾಜು ಈ ಪರದೆಯೊಂದೇ.

೧, ಮತ್ತೊಮ್ಮೆ

ತಮ್ಮನ ಹುಚ್ಚಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಹಿನ್ನೆಲೆಗೆ ಸಮುದ್ರ ಹಾಕಿದ. ಸಮುದ್ರ ತೀರಾ ನೀಲಿಯಾಯಿತೆಂದು ಪಾಚಿ ಕಟ್ಟಿದ ಬಂಡೆ ಹಾಕಿದ. ಬಂಡೆಯ ಮೇಲೆ ಐಕಾನುಗಳು ಒಪ್ಪುವುದಿಲ್ಲವೆಂದು ಅವನ್ನೆಲ್ಲ ಅಂಗಿಯ ಗುಂಡಿಗಳಂತೆ ಮಾಡಿದ. ಗುಂಡಿಗಳಿಗೆ ಹೊಂದಲೆಂದು ಫಾಂಟು, ಫಾಂಟಿಗೆ ಹೊಂದಲೆಂದು ಥೀಮು. ಮೌಸಿನ ಬಾಣ ಗರಿಯಾಯಿತು, ಗರಿ ಹೋಗಿ ಸೂಜಿಯಾಯಿತು. ಹವಾಮಾನ ತೋರಿಸುವ ಒಂದು ಚೌಕ ಬಂತು. ಕಿಟಕಿಯ ಹೊರಗೆ ಮಳೆ ಸುರಿಯುತ್ತಿರುವಾಗ ಅದರೊಳಗೆ ಬಿಸಿಲು. ಎಲ್ಲವೂ ಸರಿಹೋಯಿತು ಅನ್ನಿಸಿದ ಮರುಗಳಿಗೆಗೆ ಅವನ ಕಾಲು ಕುಣಿಯಲು ಶುರುವಾಗುತ್ತಿತ್ತು.

“ಮತ್ತೆ ಏನೋ ಮಾಡಿದ್ಯಾ?”

“ಚೆನ್ನಾಗಿದ್ಯಾ ಹೇಳು.”

“ಚೆನ್ನಾಗಿದೆ.”

“ನೋಡದೇ ಹೇಳ್ತೀಯಲ್ಲ.”

“ನೋಡಿದೆ ಕಣೋ.”

ಅವಳ ಮುಖ ಗೋಡೆಯ ಕಡೆಗಿತ್ತು.

ತಮ್ಮನ ಸಂಕಟ ಇದೇ. ಕೆಲವು ತಿಂಗಳಿಂದ ಅಕ್ಕ ಮುಖ ಕೊಟ್ಟು ಮಾತಾಡುತ್ತಿಲ್ಲ. ತಟ್ಟೆಗೆ ಬಡಿಸುವಾಗ ಅವನ ಕಿವಿಯ ಆಚೆ ಎಲ್ಲೋ ನೋಡುತ್ತಾಳೆ. ತಾನು ಏನು ತಪ್ಪು ಮಾಡಿದೆನೆಂದು ಅವನು ಹುಡುಕಿದ. ಬೇಕಾದಷ್ಟು ಸಿಕ್ಕವು, ಮುನಿಸು ಯಾವುದಕ್ಕೆಂದು ಮಾತ್ರ ತಿಳಿಯಲಿಲ್ಲ. ಕೇಳಿದರೆ “ಏನಿಲ್ಲ” ಅಂದಳು. ಏನೋ ಇದ್ದವರು ಹೇಳುವ ಮಾತು ಅದು. ಕೊನೆಗೆ, ತನಗೆ ಬರುವ ಒಂದೇ ವಿದ್ಯೆಯಿಂದ ಅವಳನ್ನು ಒಲಿಸಿಕೊಳ್ಳಲು ಹೊರಟ. ಅವಳು ದಿನವಿಡೀ ಎದುರು ಕೂರುವ ಪರದೆಯನ್ನು ಸಿಂಗರಿಸುತ್ತ ಹೋದ. ಅವಳು ನೋಡಲಿಲ್ಲ. ಇನ್ನಷ್ಟು ಸಿಂಗರಿಸಿದ.

೨

“ಸ್ವಲ್ಪ ನಿಲ್ಲಿ,” ಎಂದಳು ಅಕ್ಕ. ಈ ಸಲ ನನಗೇ ಹೇಳಿದ್ದು. “ಮುಂದೆ ಏನು ಬರೀತೀರಿ ಅಂತ ಗೊತ್ತು. ಅದು ಬೇಡ.”

“ಓದುವವರಿಗೆ ತಿಳಿಯಬೇಕಲ್ಲ.”

“ನನ್ನ ತಮ್ಮನಿಗೇ ಹೇಳಿಲ್ಲ. ಅವನಿಗಿಂತ ಮುಂಚೆ ಊರವರಿಗೆ ಹೇಳ್ತೀರಾ?”

“ಊರವರಲ್ಲ. ಓದುಗರು.”

“ಅವರ ಹೆಸರು ಗೊತ್ತಾ ನಿಮಗೆ? ಇಲ್ಲ ತಾನೇ. ಹಾಗಾದ್ರೆ ಊರವರೇ.”

ನಾನು ಅಕ್ಷರವನ್ನು ಒಂದಿಷ್ಟು ಚಿಕ್ಕದು ಮಾಡಿದೆ.

“ಇನ್ನೊಂದು ವಿಷಯ. ಹಿಂದಿನ ಸಲ ಬರೆದಾಗ ನನ್ನ ಮೇಜು ಕಿಟಕಿ ಪಕ್ಕ ಇತ್ತು. ಅದಕ್ಕೂ ಮುಂಚೆ ಬಾಗಿಲ ಹತ್ರ. ಇವತ್ತು ಗೋಡೆಗೆ ಆನಿಸಿಬಿಟ್ಟಿದ್ದೀರಿ. ಬೆಳಿಗ್ಗೆ ಎದ್ದು ಬಂದವಳು ಮಂಡಿಗೆ ಹೊಡೆಸ್ಕೊಂಡೆ.”

“ಬೆಳಕು ಸರಿಯಾಗಿ ಬೀಳಲಿ ಅಂತ.”

“ಯಾರ ಮೇಲೆ?”

“ಕಥೆಯ ಮೇಲೆ.”

“ನೀವೂ ನನ್ನ ತಮ್ಮನೂ ಒಂದೇ,” ಎಂದಳು. ಬೈದದ್ದೋ ಅಲ್ಲವೋ ತಿಳಿಯಲಿಲ್ಲ. (ವಾದದಲ್ಲಿ ಸೋತಿದ್ದೇನೆ. ಸೋತ ಮೇಲೂ ಬರೆಯಬಹುದು ಎನ್ನುವುದೊಂದೇ ನನ್ನಂಥವರಿಗಿರುವ ಅಧಿಕಾರ. ಹೆಮ್ಮೆಪಡುವಂಥದ್ದೇನಲ್ಲ.)

ಎದ್ದು ಹೋಗಿ ನೀರು ಕುಡಿದು ಬಂದೆ. ಪುಟದ ಅಂಚನ್ನು ಸ್ವಲ್ಪ ಅಗಲ ಮಾಡಿದೆ. ಮೇಜನ್ನು ಮುಟ್ಟಲಿಲ್ಲ.

೪

(ಮೂರನೆಯ ಭಾಗದಲ್ಲಿ ಕಣ್ಣಿನ ಡಾಕ್ಟರೊಬ್ಬರು ಬರುತ್ತಿದ್ದರು. ಅಳಿಸಿದೆ. ಬಹಳ ಚೆನ್ನಾಗಿ ಮಾತಾಡುತ್ತಿದ್ದರು, ಅದೇ ತೊಂದರೆ. ಒಂದು ಪುಟ ಕಳೆಯುವಷ್ಟರಲ್ಲಿ ಕಥೆ ಅವರದಾಗಿಬಿಟ್ಟಿತ್ತು.)

ಅಕ್ಕನ ದೃಷ್ಟಿಯ ನಡುಭಾಗ ಮಸುಕಾಗುತ್ತ ಬಂದಿದೆ. ಯಾವುದನ್ನು ನೇರ ನೋಡುತ್ತಾಳೋ ಅದು ಹೊಗೆ ಹಿಡಿದ ಗಾಜಿನ ಹಿಂದೆ ಸರಿದುಬಿಡುತ್ತದೆ. ಅಂಚಿನಲ್ಲಿರುವುದು ಉಳಿಯುತ್ತದೆ, ಸ್ಪಷ್ಟವಾಗಿ ಅಲ್ಲ, ಇದೆ ಎಂದು ತಿಳಿಯುವಷ್ಟು. ಅದಕ್ಕೇ ಅವಳು ತನಗೆ ಬೇಕಾದ್ದನ್ನೆಲ್ಲ ಪರದೆಯ ಮೂಲೆಗಳಿಗೆ ತಂದಿಟ್ಟುಕೊಂಡಿದ್ದಳು. ನಡುವಿನಲ್ಲಿ ಏನನ್ನೂ ಇಡಲಿಲ್ಲ. ಮಿಕ್ಕದ್ದಕ್ಕೆ ಕಿವಿಯಿತ್ತು, ಕೈ ಅಭ್ಯಾಸವಿತ್ತು.

ಆಫೀಸಿಗೆ ಹೇಳಿರಲಿಲ್ಲ. ಹೇಳಿದರೆ ಅಲ್ಲಿನ ಮೇಡಂ “ಸ್ವಲ್ಪ ವಿಶ್ರಾಂತಿ ತಗೊಳ್ಳಿ” ಎನ್ನುತ್ತಾರೆ. ಹಿಂದೆ ಕೈ ನಡುಗುತ್ತಿದ್ದ ಒಬ್ಬರಿಗೆ ಹಾಗೆಂದಿದ್ದರು. ಆ ವಿಶ್ರಾಂತಿ ಇನ್ನೂ ಮುಗಿದಿಲ್ಲ. ತಮ್ಮನಿಗೂ ಹೇಳಿರಲಿಲ್ಲ. ಹೇಳಿದರೆ ಕೈಯಲ್ಲಿರುವ ಚಾಕು, ಸೌಟು, ಬೀಗದ ಕೈ ಎಲ್ಲವನ್ನೂ ಕಿತ್ತುಕೊಂಡು ಅವಳನ್ನು ಅಂಗಡಿಯ ಗೊಂಬೆಯ ಹಾಗೆ ಒಂದು ಕಡೆ ಕೂರಿಸಿಬಿಡುತ್ತಾನೆ, ಪ್ರೀತಿಯಿಂದಲೇ.

ನಿನ್ನೆ ತಮ್ಮನಿಗೆ ರಜೆ. ಅಕ್ಕ ಬಟ್ಟೆ ಒಣಹಾಕಲು ಮೇಲೆ ಹೋದಾಗ ಅವನು ಕುರ್ಚಿಯಲ್ಲಿ ಕೂತ. ಪರದೆಯ ಮೂಲೆಗಳಲ್ಲಿ ಚದುರಿಕೊಂಡಿದ್ದ ಫೋಲ್ಡರುಗಳನ್ನು ನೋಡಿ ಅವನ ಮನಸ್ಸು ಹಿಂಡಿತು. ಇಷ್ಟು ವಿಶಾಲವಾದ ಜಾಗ ಬಿಟ್ಟು ಎಲ್ಲವೂ ಗೋಡೆಗೆ ಅಂಟಿ ನಿಂತಿವೆಯಲ್ಲ, ಕರೆಯದೆ ಬಂದ ನೆಂಟರ ಹಾಗೆ. ಒಂದೊಂದನ್ನೇ ಎಳೆದು ತಂದು ನಟ್ಟನಡುವೆ ಹೂವಿನ ಎಸಳಿನಂತೆ ದುಂಡಗೆ ಜೋಡಿಸಿದ. ಕಸ ಮೂಲೆಯಲ್ಲಿದ್ದರೆ ಲಕ್ಷಣ ಎಂದು ರಿಸೈಕಲ್ ಬಿನ್ನನ್ನು ಮಾತ್ರ ಬಲ ಕೆಳಮೂಲೆಗೆ ತಳ್ಳಿದ. ಅದಕ್ಕೂ ಹೊಸ ರೂಪ: ಮುಚ್ಚಳವಿರುವ ಒಂದು ಬೆತ್ತದ ಬುಟ್ಟಿ. ಬುಟ್ಟಿಯ ಬಣ್ಣವೂ ಅಕ್ಕನ ಫೋಲ್ಡರಿನ ಬಣ್ಣವೂ ಒಂದೇ, ಮಾಸಲು ಹಳದಿ.

ಅಕ್ಕ ಕೆಳಗೆ ಬಂದಳು. ಮೊದಲೇ ತೆರೆದಿಟ್ಟಿದ್ದ ಪುಸ್ತಕದಲ್ಲಿ ಕೊನೆಯ ಅಧ್ಯಾಯದ ಕೊನೆಯ ಕೆಮ್ಮನ್ನು ತೆಗೆದಳು. ಇಡೀ ಪುಸ್ತಕವನ್ನು ಎಳೆದು ಮೂಲೆಗೆ ಬಿಟ್ಟಳು. ಮೈ ಹಗುರಾಗಿ ಅಡುಗೆಮನೆಗೆ ಹೋದಳು.

ತಮ್ಮ ಮತ್ತೆ ಬಂದು ನೋಡಿದರೆ ಬುಟ್ಟಿಯ ಮುಚ್ಚಳ ಎದ್ದು ನಿಂತಿದೆ, ಒಳಗಿಂದ ಕಾಗದ ಇಣುಕುತ್ತಿದೆ. ಅಷ್ಟು ಚೆಂದದ ಬಂಡೆಯ ಪಕ್ಕದಲ್ಲಿ ತುಂಬಿದ ಕಸದ ಬುಟ್ಟಿ. ಒಳಗೇನಿದೆ ಎಂದು ನೋಡುವ ತಾಳ್ಮೆ ಅವನಿಗೆಲ್ಲಿ? ಖಾಲಿ ಮಾಡಿದ. ಮುಚ್ಚಳ ಕೂತಿತು. ಕಾಗದ ಮುದುಡಿದ ಸದ್ದು ಅಡುಗೆಮನೆಯವರೆಗೂ ಹೋಯಿತು. ಅಂಥ ಸದ್ದುಗಳನ್ನು ದಿನವೂ ಕತ್ತರಿಸಿ ಎಸೆಯುವ ಅಕ್ಕನ ಕಿವಿ ಅದನ್ನೂ ಎಸೆಯಿತು.

೫

ಬೆಳಿಗ್ಗೆ ಮೇಡಂ ಫೋನ್ ಮಾಡಿದರು. ಪುಸ್ತಕ ಬಂದಿಲ್ಲವಲ್ಲ, ಯಾಕೆ? “ನೋಡಿ ಹೇಳ್ತೀನಿ,” ಎಂದು ಅಕ್ಕ ಮೂಲೆಯನ್ನು ತಡಕಿದಳು. ಓದುತ್ತಿರುವ ನೀವು ಕಥೆಯೊಳಗೆ ಬಂದದ್ದು ಆಗಲೇ.

ತಮ್ಮ ಹಲ್ಲುಜ್ಜುತ್ತ ಬಂದ. ವಿಷಯ ತಿಳಿದು ಬಾಯಿ ತೊಳೆಯುವುದನ್ನೂ ಮರೆತ.

“ಬುಟ್ಟಿಗೆ ಯಾಕೆ ಹಾಕ್ದೆ ಅಕ್ಕ?”

“ಬುಟ್ಟಿಗೆ ಹಾಕಿಲ್ಲ. ಮೂಲೆಗೆ ಹಾಕಿದೆ.”

“ಮೂಲೇಲಿ ಬುಟ್ಟಿ ಇತ್ತಲ್ಲ. ಅಷ್ಟು ದೊಡ್ಡದಾಗಿ ಮಾಡಿದ್ದೆ. ಕಾಣಿಸ್ಲಿಲ್ವಾ?”

ಅಕ್ಕ ಗೋಡೆಯ ಕಡೆಗೆ ತಿರುಗಿದಳು. (ನನ್ನ ಬೆರಳು ಅಕ್ಷರದ ಬಣ್ಣ ಬದಲಿಸುವ ಕಡೆಗೆ ಹೋಗುತ್ತಿತ್ತು, ಹಿಡಿದುಕೊಂಡೆ.)

“ನನ್ನ ಮೇಲೆ ಅಷ್ಟು ಸಿಟ್ಟಾ ನಿನಗೆ?” ಎಂದ ತಮ್ಮ. “ನಾನು ಮಾಡಿದ್ದನ್ನ ಕಣ್ಣೆತ್ತಿ ನೋಡಲ್ಲ. ಮುಖ ಕೊಟ್ಟು ಮಾತಾಡಿ ಎಷ್ಟು ಕಾಲ ಆಯ್ತು ಹೇಳು.”

“ಮುಖ ಕೊಟ್ರೆ ನೀನು ಇರಲ್ಲ ಕಣೋ.”

“ಅಂದ್ರೆ?”

“ನೇರ ನೋಡಿದ್ರೆ ನಿನ್ನ ಮುಖ ಇರೋ ಕಡೆ ಬರೀ ಹೊಗೆ. ಆಚೆ ನೋಡಿದ್ರೆ ಇರ್ತೀಯ. ಒಂದು ಕಿವಿ, ಅರ್ಧ ಮೀಸೆ. ನಿನ್ನನ್ನ ನೋಡೋಕೇ ಕಣೋ ನಾನು ಗೋಡೆ ನೋಡ್ತಿದ್ದಿದ್ದು.”

ತಮ್ಮ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತ. ಬಾಯಲ್ಲಿದ್ದ ನೊರೆ ಗಲ್ಲಕ್ಕೆ ಇಳಿಯಿತು. ಅದನ್ನು ಒರೆಸಿಕೊಳ್ಳುವ ಬದಲು ಮೌಸಿಗೆ ಕೈ ಹಾಕಿದ.

“ತಾಳು, ಈಗಲೇ ಸರಿ ಮಾಡ್ತೀನಿ. ಹಿಂದೆ ಪೂರ್ತಿ ಕಪ್ಪು ಹಾಕ್ತೀನಿ, ಅಕ್ಷರ ಇಷ್ಟಿಷ್ಟು ದೊಡ್ಡದು, ಮೂಲೆಗೊಂದು ಬಣ್ಣ…”

“ಮೌಸ್ ಬಿಡು.”

“ಒಂದೇ ನಿಮಿಷ.”

“ಬಿಡು ಅಂದೆ. ಮೊದಲು ಬಾಯಿ ತೊಳ್ಕೊಂಡು ಬಾ.”

೬, ಅಥವಾ ಕೊನೆಗಳು

ಆಫೀಸಿನಲ್ಲಿ ಮೂಲ ರೆಕಾರ್ಡಿಂಗ್ ಇದೆ. ಕೇಳಿದರೆ ಮತ್ತೆ ಕಳಿಸುತ್ತಾರೆ, ಅಕ್ಕ ಮತ್ತೆ ಕತ್ತರಿಸಬಹುದು. ಆದರೆ ಕೇಳಬೇಕಾದರೆ ಕಾರಣ ಹೇಳಬೇಕು. ಯಾವ ಕಾರಣ ಹೇಳುತ್ತಾಳೆ ಎನ್ನುವುದರ ಮೇಲೆ ಅವಳ ಕೆಲಸ ನಿಂತಿದೆ. ಮಂಗಳ ಹಾಡದೆ ಎದ್ದು ಹೋಗುವ ರೂಢಿ ನನಗಿಲ್ಲ. ಹಾಗಾಗಿ ಮೂರು ಕೊನೆಗಳನ್ನು ಬರೆದು ಅಕ್ಕನ ಮುಂದಿಟ್ಟೆ, ಗಟ್ಟಿಯಾಗಿ ಓದಿಯೂ ಹೇಳಿದೆ.

ಮೊದಲನೆಯದರಲ್ಲಿ, ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಒಂದು ಸಾಫ್ಟ್‌ವೇರ್ ತಮ್ಮನಿಗೆ ಸಿಗುತ್ತದೆ. ಪುಸ್ತಕ ಉಸಿರುಗಳ ಸಮೇತ ವಾಪಸು ಬರುತ್ತದೆ.

“ಬರಲಿ, ಸಂತೋಷ. ಮುಂದಿನ ಪುಸ್ತಕಕ್ಕೆ ಏನು ಮಾಡ್ಲಿ?”

ಎರಡನೆಯದರಲ್ಲಿ, ತಪ್ಪೆಲ್ಲ ತನ್ನದೇ ಎಂದು ತಮ್ಮ ಫೋನಿನಲ್ಲಿ ಒಪ್ಪಿಕೊಳ್ಳುತ್ತಾನೆ. ನಾನು ಓದುತ್ತಿರುವಾಗಲೇ ಆ ಪುಣ್ಯಾತ್ಮ ಬಚ್ಚಲಿನಲ್ಲಿ ಅಭ್ಯಾಸ ಶುರುಮಾಡಿದ್ದ: “ಮೇಡಂ, ನಮಸ್ಕಾರ, ನಾನು ಅವರ ತಮ್ಮ, ಬುಟ್ಟಿ ನಂದೇ…”

“ಬುಟ್ಟಿ ಅವನದ್ದೇ, ಸುಳ್ಳಲ್ಲ,” ಎಂದಳು ಅಕ್ಕ. “ಆದ್ರೆ ಹಾಗಂದ್ರೆ ನನ್ನ ಕಣ್ಣು ಸರಿಯಾಗಿದೆ ಅಂತಾಗುತ್ತೆ. ಆ ಸುಳ್ಳನ್ನ ಕಾಪಾಡ್ಕೊಳ್ಳೋದೇ ಇನ್ನೊಂದು ಕೆಲಸ. ಎರಡೆರಡು ಕೆಲಸ ನನ್ನ ಕೈಲಿ ಆಗಲ್ಲ.”

ಮೂರನೆಯದರಲ್ಲಿ, ಅಕ್ಕ ಎಲ್ಲವನ್ನೂ ಹೇಳುತ್ತಾಳೆ. ಮೇಡಂ, “ನಮಗೆ ಬೇಕಾಗಿರೋದು ನಿಮ್ಮ ಕಿವಿ,” ಎನ್ನುತ್ತಾರೆ. ಇದನ್ನು ಓದುವಾಗ ನನಗೇ ಕಣ್ಣು ತುಂಬಿತು.

ಅಕ್ಕ ನಕ್ಕಳು. “ನಮ್ಮ ಮೇಡಂನ ನೀವು ನೋಡಿಲ್ಲ.”

“ಅವರನ್ನು ಬರೆದವರೇ ನಾನು.”

“ಬರೆದಿದ್ದೀರಿ. ನೋಡಿಲ್ಲ.”

ನಾಲ್ಕನೆಯದನ್ನು ಯೋಚಿಸುತ್ತಿದ್ದೆ. ಫೋನ್ ಹೊಡೆದುಕೊಂಡಿತು. ಅಕ್ಕ ಅದನ್ನು ಎತ್ತಿ, ಒಂದು ಬದಿಗೆ ಹಿಡಿದು, ಓರೆಗಣ್ಣಿನಿಂದ ನೋಡಿ ಮೇಡಂ ಎಂದು ಗುರುತಿಸಿದಳು. ಒಳಕೋಣೆಯ ಕಡೆ ನಡೆದಳು. ತಮ್ಮ ಹಿಂದೆಯೇ ಹೋದ. ಅಂಗೈ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದಳು. ನಾನು ಸಣ್ಣಗೆ ಜಾರಿಕೊಂಡು ಬಾಗಿಲವರೆಗೆ ಹೋದೆ.

“ನೀವೂ ಅಷ್ಟೇ. ಹೊರಗಿರಿ.”

“ಚಿಕ್ಕಂದಿನಿಂದ ಕೇಳಿಯೇ ಬದುಕಿದ ಜೀವ ಇದು. ಒಂದು ಮೂಲೆಯಲ್ಲಿ ಕೂತಿರುತ್ತೇನೆ. ಬಾಯಿ ಬಿಡುವುದಿಲ್ಲ.”

“ಬಾಯಿ ಬಿಡಲ್ಲ, ಬರೀತೀರಿ.”

ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಬಾಗಿಲು ಅರ್ಧ ಮುಚ್ಚಿತ್ತು. ಓದುತ್ತಿರುವ ನಿಮ್ಮ ಪರವಾಗಿಯೂ ಸೇರಿಸಿ ಕೇಳಿದೆ:

“ಏನು ಹೇಳುತ್ತೀರಿ ಅಂತ ಅಷ್ಟಾದರೂ ಹೇಳಿ ಅಕ್ಕ. ಕಣ್ಣಿನ ವಿಷಯ ಹೇಳುತ್ತೀರೋ ಇಲ್ಲವೋ?”

“ಹೇಳಲ್ಲ.”

ಮೇಡಂಗೋ ನನಗೋ ಎಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತು.